ಹದಿನೇಳು ಎಂದರೆ ಹದಿನೇಳು ನಿಮಿಷವಲ್ಲ

ನನ್ನ ತಂಗಿ ಅವತ್ತು ತಗಡು ಬಡಿದಿದ್ದಳು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಯಾಕೆಂದರೆ ಹೇಳಬೇಕಾಗಿದ್ದ ದಿನ ನಾನು ಹೇಳಲಿಲ್ಲ, ಉಲ್ಟಾ ಹೇಳಿದೆ. ಅವಳ ಮೇಸ್ತ್ರಿ ಕೆಲಸ ಹೋದದ್ದು ನನ್ನ ಆ ಒಂದು ಮಾತಿನಿಂದ.

ನಮ್ಮವರು ಮೂಲದಲ್ಲಿ ಅರಕಲಗೂಡು ಕಡೆಯವರು. ಅಪ್ಪ ಕುಶಾಲನಗರದ ಹತ್ತಿರ ಬಂದು ಬೇರೆಯವರ ಗದ್ದೆ ಮಾಡುತ್ತಿದ್ದರು. ನಾನು ಏಳನೇ ತರಗತಿಗೆ ಸ್ಕೂಲು ಬಿಟ್ಟೆ, ತಂಗಿ ಐದಕ್ಕೇ ಬಿಟ್ಟಳು. ಮದುವೆಯಾದ ಮೇಲೆ ಇಬ್ಬರೂ ನೆಲ್ಯಹುದಿಕೇರಿ ಕಡೆಯ ಒಂದೇ ಕಾಫಿ ಎಸ್ಟೇಟಿಗೆ ಬಂದು ಸೇರಿದೆವು. ಕೆಲಸದವರಿಗೆಂದು ಸಾಲಾಗಿ ಕಟ್ಟಿಸಿದ ಲೈನ್ ಮನೆಗಳಲ್ಲಿ ನನ್ನದು ಮೂರನೆಯದು, ಅವಳದು ಐದನೆಯದು. ಅವಳ ಕೈಯೂ ಚುರುಕು, ಬಾಯಿಯೂ ಚುರುಕು. ಹಣ್ಣು ಕೊಯ್ಯುತ್ತಾ ಕೊಯ್ಯುತ್ತಾ ಹನ್ನೊಂದು ಹೆಂಗಸರ ಮೇಸ್ತ್ರಿಯಾದಳು. ಬೆಳಿಗ್ಗೆ ಅವರನ್ನು ತೋಟಕ್ಕೆ ಕರೆದೊಯ್ದು, ಯಾವ ಸಾಲು ಯಾರಿಗೆ ಎಂದು ಹಂಚಿ, ಸಂಜೆ ಎಲ್ಲರನ್ನೂ ವಾಪಸ್ ಕರೆತರುವುದು ಅವಳ ಕೆಲಸ. ನನಗೆ ಸೊಂಟನೋವು. ಹಾಗಾಗಿ ಆಫೀಸಿನಲ್ಲಿ ಗುಡಿಸಿ, ಒರೆಸಿ, ಟೀ ಕಾಯಿಸುತ್ತಿದ್ದೆ.

ಆನೆ ಬಂದುಹೋಗುವುದು ತಿಳಿಯಲೆಂದು ಎಸ್ಟೇಟಿನವರು ಡಬ್ಬಿಗಳನ್ನು ಹಾಕಿಸಿದ ವರ್ಷ, ಅವುಗಳ ಲೆಕ್ಕ ತೋರಿಸುವ ಕಂಪ್ಯೂಟರೂ ನನ್ನ ತಲೆಗೆ ಬಂತು. ಕಾಡಿನ ಕಡೆಯಿಂದ ತೋಟಕ್ಕೆ ಬರುವ ಹಾದಿ ಒಂದೇ. ಆ ಹಾದಿಯ ಮೇಲೆ ಎರಡು ಡಬ್ಬಿ: ಕಾಡಿನ ಅಂಚಿನ ಬಿದಿರು ಗೇಟಿನ ಹತ್ತಿರ ಒಂದು, ಅಲ್ಲಿಂದ ಸ್ವಲ್ಪ ಒಳಗೆ ಕೆರೆ ಏರಿಯ ಮೇಲೆ ಇನ್ನೊಂದು. ದೊಡ್ಡದೇನಾದರೂ ಹಾದುಹೋದರೆ ನೆಲ ಅದುರುವುದು ಡಬ್ಬಿಗೆ ಗೊತ್ತಾಗುತ್ತದೆ. ಆಗ ತನ್ನ ಗಡಿಯಾರ ನೋಡಿ ಗಂಟೆ ಬರೆದುಕೊಂಡು, ಒಳಗಿರುವ ಸಿಮ್ಮಿನ ಮೂಲಕ ಆಫೀಸಿಗೆ ಕಳಿಸುತ್ತದೆ. ಫೋಟೊ ಗೀಟೊ ಇಲ್ಲ. ಬಿದಿರು ಗೇಟಿನ ಗಂಟೆ ಮೊದಲು, ಕೆರೆಯ ಗಂಟೆ ಆಮೇಲೆ ಇದ್ದರೆ ಆನೆ ಒಳಗೆ ಬಂದಿದೆ. ಕೆರೆ ಮೊದಲು, ಗೇಟು ಆಮೇಲೆ ಇದ್ದರೆ ಆಚೆ ಹೋಗಿದೆ. ಅಷ್ಟು ನೋಡಿ, ಮೇಸ್ತ್ರಿಗಳ ಫೋನ್ ಗ್ರೂಪಿಗೆ ಒಂದು ಸಾಲು ಹಾಕಬೇಕು.

"ನೀನು ಹೆಂಗೂ ಇಲ್ಲೇ ಕೂತಿರ್ತೀಯಲ್ಲ, ನೋಡ್ಕೊ," ಎಂದರು ಮ್ಯಾನೇಜರ್. ಅಷ್ಟೇ ನನಗೆ ಸಿಕ್ಕಿದ ಟ್ರೈನಿಂಗ್.

ಡಬ್ಬಿ ಹಾಕಲು ಮೈಸೂರಿನಿಂದ ಬಂದಿದ್ದ ಮೆಕ್ಯಾನಿಕ್ ಸ್ವಲ್ಪ ಹೇಳಿಕೊಟ್ಟಿದ್ದರು. ನರೆತ ಮೀಸೆಯ, ನಿಧಾನದ ಮನುಷ್ಯ. "ನೋಡಮ್ಮ, ಇವುಗಳ ಗಡಿಯಾರ ಅಗ್ಗದ್ದು. ಒಂದು ಮುಂದೆ ಓಡುತ್ತೆ, ಇನ್ನೊಂದು ಹಿಂದೆ ಬೀಳುತ್ತೆ. ಅದಕ್ಕೇ ಆಗಾಗ ದೂರದ ಒಂದು ಕಂಪ್ಯೂಟರನ್ನ ಟೈಮ್ ಎಷ್ಟು ಅಂತ ಕೇಳಿ ಸರಿಮಾಡ್ಕೊಳ್ಳುತ್ತೆ. ಎಷ್ಟು ಹೊತ್ತಿಗೊಂದ್ಸಲ ಕೇಳ್ಬೇಕು ಅನ್ನೋದು ಇಲ್ಲಿದೆ, ಆರರಿಂದ ಹತ್ತರ ಒಳಗೆ ಇಟ್ಟಿದ್ದೀನಿ. ಇದನ್ನ ಮುಟ್ಬೇಡಿ," ಎಂದಿದ್ದರು. ಆರು ಏನು, ಹತ್ತು ಏನು ಎಂದು ನಾನು ಕೇಳಲಿಲ್ಲ. ಆರು ನಿಮಿಷ, ಹತ್ತು ನಿಮಿಷ ಎಂದುಕೊಂಡೆ. ಬೇರೆ ಏನೆಂದುಕೊಳ್ಳಬೇಕಿತ್ತು?

ಮುಟ್ಟದೇ ಇರುತ್ತಿದ್ದೆ. ಆದರೆ ಮ್ಯಾನೇಜರ್ ಒಂದು ದಿನ ತಮ್ಮ ಫೋನನ್ನು ಸ್ಕ್ರೀನಿನ ಪಕ್ಕ ಹಿಡಿದು ಡಬ್ಬಿಗಳ ಗಡಿಯಾರ ನೋಡಿ, "ಏನಿದು, ಗೇಟಿಂದು ಸೆಕೆಂಡು ಹೊಂದ್ತಾ ಇಲ್ವಲ್ಲ, ನೋಡೋದೇ ಇಲ್ವಾ ನೀನು?" ಎಂದು ರೇಗಿದರು. ಎರಡೋ ಮೂರೋ ಸೆಕೆಂಡು. ಆನೆ ನಡೆಯುವ ಹಾದಿಗೆ ಅದರಿಂದ ಏನೂ ಆಗಬೇಕಾದ್ದಿಲ್ಲ. ಆದರೆ ಬೈಸಿಕೊಂಡದ್ದು ನಾನು. ಹೆಚ್ಚು ಸಲ ಕೇಳಿದರೆ ಹೆಚ್ಚು ಸರಿಯಾಗುತ್ತದೆ ಎಂದು ನನ್ನ ಬುದ್ಧಿಗೆ ತೋಚಿತು. ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿದ್ದ ನಾಲ್ಕನ್ನು ಒತ್ತಿದೆ.

ಸರಿಯಾಗುವುದಿರಲಿ, ಇನ್ನೂ ಕೆಟ್ಟಿತು. ನಮ್ಮಲ್ಲಿ ಟವರ್ ಸಿಗುವುದು ಗಾಳಿ ಬೀಸಿದ ಹಾಗೆ, ಒಮ್ಮೆ ಇದೆ, ಒಮ್ಮೆ ಇಲ್ಲ. ಕೇಳಿದ ಪ್ರಶ್ನೆ ಬೇಗ ಹೋಗುತ್ತದೆ, ಉತ್ತರ ಎಲ್ಲೋ ಕೂತು ತಡವಾಗಿ ಬರುತ್ತದೆ. ಹೋಗಲು ಹಿಡಿದಷ್ಟೇ ಹೊತ್ತು ಬರಲೂ ಹಿಡಿಯಿತು ಎಂದು ನಂಬಿಕೊಂಡು ಡಬ್ಬಿ ಗಂಟೆ ತಿದ್ದಿಕೊಳ್ಳುತ್ತದೆಯಂತೆ. ಹೀಗಾಗಿ ಗಡಿಯಾರ ನನ್ನ ಕಣ್ಣೆದುರೇ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಜಿಗಿಯತೊಡಗಿತು. ಮೂರೇ ದಿನದಲ್ಲಿ ಕೆರೆ ಏರಿಯ ಡಬ್ಬಿಯ ಬ್ಯಾಟರಿ ಸತ್ತುಹೋಯಿತು. ಸಿಲ್ವರ್ ಓಕ್ ಮರಗಳ ನೆರಳಿನಲ್ಲಿ ಅದರ ಸೋಲಾರ್ ಹಲಗೆಗೆ ಬೀಳುವ ಬಿಸಿಲೇ ಅಷ್ಟು. ಇಪ್ಪತ್ತನಾಲ್ಕು ಗಂಟೆ ಟೈಮ್ ಎಷ್ಟು, ಟೈಮ್ ಎಷ್ಟು ಎಂದು ಬಡಿದುಕೊಂಡರೆ ಇನ್ನೇನಾಗುತ್ತದೆ? ಡ್ರೈವರ್ ಬೇರೆ ಬ್ಯಾಟರಿ ಹೊತ್ತುಕೊಂಡು ಹೋಗಿ ಹಾಕಿ ಬಂದ. ಮ್ಯಾನೇಜರ್ ಮತ್ತೆ ರೇಗಿದರು.

ಜಾಸ್ತಿಯಾದರೂ ಬೈಗುಳ, ಕಡಿಮೆಯಾದರೂ ಬೈಗುಳ. ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಕಸಬರಿಗೆ ಮೂಲೆಗೆ ಎಸೆದು ಬಂದು ಕೂತೆ. ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಳಗಿನದು ಹದಿನೇಳು. ಹದಿನೇಳು ನಿಮಿಷಕ್ಕೊಮ್ಮೆ ಕೇಳಿಕೊಂಡು ಸಾಯಲಿ ಎಂದು ಎರಡೂ ಡಬ್ಬಿಗೆ ಅದನ್ನೇ ಹಾಕಿದೆ. ಮೊದಲು ಹಾಕಿದ್ದು ನಾಲ್ಕು, ಆಮೇಲೆ ಹಾಕಿದ್ದು ಹದಿನೇಳು, ಎರಡೂ ಸಿಟ್ಟಿನಲ್ಲಿ ಹಾಕಿದ್ದು.

ಬ್ಯಾಟರಿ ತೊಂದರೆ ನಿಂತಿತು. ಮ್ಯಾನೇಜರ್ ಸುಮ್ಮನಾದರು. "ಕಂಪ್ಯೂಟರ್ ಅಕ್ಕ ಈಗ ಇಂಜಿನಿಯರ್ ಆಗ್ಬಿಟ್ಳು," ಎಂದು ತಂಗಿ ಲೈನಿನಲ್ಲಿ ಎಲ್ಲರೆದುರು ನಗಾಡಿದಳು. ಅವಳ ಮಾತಿನಲ್ಲಿ ಹೆಮ್ಮೆಯೂ ಇತ್ತು. ನಾನೂ ಬೀಗಿದೆ.

ಎರಡು ವಾರವಾಗಿರಬೇಕು. ಟ್ರ್ಯಾಕ್ಟರ್ ಕಾಳುಮೆಣಸು ಕೊಯ್ಯುವ ಏಣಿಗಳನ್ನು ಬಿದಿರು ಗೇಟಿನ ಕಡೆ ಇಳಿಸಿ ವಾಪಸ್ ಬಂದಿತ್ತು. ಟ್ರ್ಯಾಕ್ಟರ್ ಹೋದರೂ ನೆಲ ಅದುರುತ್ತದಲ್ಲ, ಡಬ್ಬಿಗಳು ಅದನ್ನೂ ಬರೆಯುತ್ತವೆ. ಸ್ಕ್ರೀನಿನಲ್ಲಿ ನೋಡಿದರೆ ಟ್ರ್ಯಾಕ್ಟರ್ ಎರಡು ಸಲ ಆಚೆ ಹೋಗಿತ್ತು, ಒಮ್ಮೆಯೂ ಒಳಗೆ ಬಂದಿರಲಿಲ್ಲ. ಟ್ರ್ಯಾಕ್ಟರ್ ಮಾತ್ರ ಕಿಟಕಿಯ ಹೊರಗೆ ನನ್ನ ಕಣ್ಣೆದುರೇ ನಿಂತಿದೆ. ಟೀ ಕುಡಿಯಲು ಬಂದ ಡ್ರೈವರಿಗೆ ತೋರಿಸಿದೆ.

"ನಾನು ಇನ್ನೂ ಕಾಡಲ್ಲೇ ಇದ್ದೀನಾ ಅಕ್ಕ? ಹಂಗಾದ್ರೆ ಈ ಟೀ ಯಾರು ಕುಡೀತಾ ಇರೋದು?" ಎಂದು ಅವನು ನಕ್ಕ.

ನಾನೂ ನಕ್ಕೆ. ಆದರೆ ಅವನು ಲೋಟ ಇಟ್ಟು ಹೋದ ಮೇಲೆ ಆ ಗಂಟೆಗಳನ್ನು ಇನ್ನೊಮ್ಮೆ ನೋಡಿದೆ. ಎರಡು ಗಡಿಯಾರ ಹೊಂದುತ್ತಿಲ್ಲ ಎಂಬುದು ಅರ್ಥವಾಗದಷ್ಟು ದಡ್ಡಿ ನಾನಲ್ಲ. ಮೈಸೂರಿನ ಮೆಕ್ಯಾನಿಕ್‌ಗೆ ಫೋನು ಮಾಡಬೇಕಿತ್ತು. ಮಾಡಿದರೆ ಅವರು ಬರುತ್ತಾರೆ, ಮುಟ್ಟಬೇಡ ಎಂದದ್ದನ್ನು ಮುಟ್ಟಿದ್ದು ಗೊತ್ತಾಗುತ್ತದೆ, ಮ್ಯಾನೇಜರ್ ಮತ್ತೆ ರೇಗುತ್ತಾರೆ, ಕಂಪ್ಯೂಟರ್ ಬಿಡಿಸಿ ಬರೀ ಕಸಬರಿಗೆ ಕೈಗೆ ಕೊಡುತ್ತಾರೆ. ಸೋಮವಾರ ಮಾಡೋಣ ಎಂದುಕೊಂಡೆ. ಸೋಮವಾರ ಹೋಯಿತು. ಮಂಗಳವಾರವೂ ಮಾಡಲಿಲ್ಲ.

ಬುಧವಾರ ಬೆಳಿಗ್ಗೆ ಮಂಜು ದಟ್ಟವಾಗಿತ್ತು. ಏಳು ಗಂಟೆಗೆ ಆಫೀಸಿಗೆ ಬಂದು ಕಂಪ್ಯೂಟರ್ ಹಾಕಿದೆ. ಕೆರೆ ಏರಿ, ಆರೂ ನಲವತ್ತು. ಬಿದಿರು ಗೇಟು, ಆರೂ ನಲವತ್ತೆರಡು. ಆನೆ ಆಚೆ ಹೋಗಿದೆ ಎಂದು ಸ್ಕ್ರೀನು ಹೇಳುತ್ತಿತ್ತು. ಟ್ರ್ಯಾಕ್ಟರಿನ ನೆನಪು ಬಂತು. ಬರಲಿಲ್ಲ ಎಂದು ಬರೆದರೆ ಅದು ಸುಳ್ಳಾಗುತ್ತದೆ. ಹೊರಗೆ ಹೆಂಗಸರು ಬುಟ್ಟಿ ಹಿಡಿದು ನಿಂತಿದ್ದರು, ತಂಗಿ ಕಿಟಕಿಯ ಹತ್ತಿರ ಬಂದಿದ್ದಳು.

"ಏನಕ್ಕಾ, ಹೋಗ್ಬೋದಾ? ಕೆರೆ ಪಕ್ಕದ ಬ್ಲಾಕು ಇವತ್ತು ಕೊಯ್ದು ಮುಗಿಸ್ಬೇಕು."

ಅವಳ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳಾದ, ನಾವೆಲ್ಲ ಉಮ್ಮ ಎಂದು ಕರೆಯುವ ಮಲಯಾಳಿ ಹೆಂಗಸು ಹಿಂದಿನಿಂದ ಕೂಗಿದಳು: "ಎಂತ ಹೇಳ್ತದೆ ನಿನ್ನ ಡಬ್ಬಿ? ಆನೆ ಚಾಯ ಕುಡಿದು ಹೋಯ್ತಾ ಇಲ್ವಾ?"

ಎಲ್ಲರೂ ನಕ್ಕರು. "ಹೋಗಿದೆ, ಹೋಗಿ," ಎಂದೆ. ಗ್ರೂಪಿಗೂ ಹಾಕಿದೆ: ಆನೆ ಆಚೆ ಹೋಗಿದೆ, ಕೆರೆ ಬ್ಲಾಕಿಗೆ ಹೋಗಬಹುದು.

ಆನೆ ಆಚೆ ಹೋಗಿರಲಿಲ್ಲ. ಒಳಗೆ ಬಂದಿತ್ತು.

ನಮ್ಮ ಎಸ್ಟೇಟಿನಲ್ಲಿ ಒಂದು ಕಟ್ಟಳೆ ಇದೆ. ಡಬ್ಬಿ ಏನೇ ಹೇಳಲಿ, ಮೇಸ್ತ್ರಿಯಾದವರು ಬ್ಲಾಕಿನ ಬಾಯಿಯಲ್ಲಿ ನಿಂತು ತಗಡು ಬಡಿದು, ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ, ಆಮೇಲೆ ಜನರನ್ನು ಒಳಗೆ ಬಿಡಬೇಕು. ತಂಗಿ ಬಡಿದಳು. ಆಫೀಸಿನ ಮೆಟ್ಟಿಲ ಮೇಲೆ ನಿಂತಿದ್ದ ನನಗೇ ಅದು ಕೇಳಿಸಿತು, ಟಣ್ ಟಣ್ ಎಂದು, ಮಂಜಿನಲ್ಲಿ ಮೆತ್ತಗೆ. ಆ ಒಂಟಿ ಆನೆ ತಗಡಿಗೆ ಹೆದರದೆ ಕಾಫಿ ಗಿಡಗಳ ನಡುವೆ ಅಲುಗದೆ ನಿಂತಿತ್ತಂತೆ. ಹೆಂಗಸರು ನಾಲ್ಕು ಸಾಲು ಒಳಗೆ ಹೋದ ಮೇಲೆ ಕಂಡಿತು. ಬುಟ್ಟಿ ಬಿಸಾಡಿ ಓಡಿದರು. ಎಲ್ಲರನ್ನೂ ಮುಂದೆ ಬಿಟ್ಟು ತಂಗಿ ಕೊನೆಗೆ ಓಡಿದಳು, ಮಳೆನೀರು ಇಂಗಲು ತೆಗೆದಿದ್ದ ಗುಂಡಿಗೆ ಬಿದ್ದಳು. ಆನೆ ಅವಳನ್ನು ದಾಟಿಕೊಂಡು ಹೋಯಿತು. ಮುಟ್ಟಲಿಲ್ಲ. ಬಿದ್ದ ಪೆಟ್ಟಿಗೆ ಅವಳ ಕಾಲಿನ ಗಿಣ್ಣು ಮುರಿದಿತ್ತು.

ಮಧ್ಯಾಹ್ನ ಮ್ಯಾನೇಜರ್ ನನ್ನನ್ನು ಕರೆದರು. ಅವರ ಎದುರು ಸ್ಕ್ರೀನಿತ್ತು. "ಡಬ್ಬಿ ಪ್ರಕಾರ ಆನೆ ಆಚೆ ಹೋಗಿದೆ. ಮತ್ತೆ ವಾಪಸ್ ಬಂದಿದ್ರೆ ಇಲ್ಲಿ ತೋರಿಸ್ಬೇಕಿತ್ತು. ನಿನ್ನ ತಂಗಿ ಏನಾದ್ರೂ ತಗಡು ಬಡೀದೇ ಜನಾನ ನುಗ್ಗಿಸಿದ್ಳಾ? ಬಡಿದಿದ್ರೆ ಆನೆ ಅಲುಗ್ತಿರ್ಲಿಲ್ವಾ?"

ಆಗ ಹೇಳಬಹುದಿತ್ತು. ಸಾರ್, ಗಡಿಯಾರ ಸರಿಯಿಲ್ಲ, ನಾನು ಮುಟ್ಟಿದ್ದೆ ಎಂದು. ಬಾಯಿಗೆ ಬಂದದ್ದು ಬೇರೆ.

"ಬಡಿದಿರ್ಲಿಕ್ಕಿಲ್ಲ ಸಾರ್. ಅವ್ಳಿಗೆ ಯಾವಾಗ್ಲೂ ಅವಸರ."

ಆಫೀಸಿನಲ್ಲಿ ಒಡಹುಟ್ಟಿದ ಅಕ್ಕನೇ ಹಾಗೆಂದ ಮೇಲೆ ಬೇರೆ ಸಾಕ್ಷಿ ಯಾರಿಗೆ ಬೇಕು? ಬಡಿದದ್ದು ನಿಜ ಎಂದು ಹೆಂಗಸರು ಹೇಳಿದ್ದನ್ನು ಮ್ಯಾನೇಜರ್ ಕಿವಿಗೆ ಹಾಕಿಕೊಳ್ಳಲಿಲ್ಲ, ಮೇಸ್ತ್ರಿಯ ಪರ ಮಾತಾಡುತ್ತಿದ್ದಾರೆ ಎಂದರು. ತಂಗಿಯ ಗುಂಪನ್ನು ಇನ್ನೊಬ್ಬಳಿಗೆ ಕೊಟ್ಟರು. ಬೇರೆ ಲೈನುಗಳಲ್ಲಿ ಮಾತು ಹಬ್ಬಿತು: ಅವಳ ಹಿಂದೆ ಹೋದರೆ ಆನೆಯ ಕಾಲಡಿಗೇ ಎಂದು.

ಮುಂದಿನ ವಾರ ಮೆಕ್ಯಾನಿಕ್ ತಾವಾಗಿಯೇ ಬಂದರು. ಆನೆಯ ವಿಷಯ ಅವರಿಗೆ ಫೋನಿನಲ್ಲಿ ತಿಳಿದಿತ್ತು. ಸ್ಕ್ರೀನು ತೆರೆದು ಅಂಕಿಗಳನ್ನು ಒಂದೊಂದಾಗಿ ನೋಡಿದರು.

"ಹದಿನೇಳು ಯಾರು ಹಾಕಿದ್ದು?"

"ಗೊತ್ತಿಲ್ಲ ಸಾರ್. ತಾನಾಗೇ ಆಗಿರ್ಬೇಕು."

ಅವರು ನನ್ನ ಮುಖ ನೋಡಲಿಲ್ಲ. ಹಳೆ ಕ್ಯಾಲೆಂಡರಿನ ಹಾಳೆ ಹರಿದು ಅದರ ಬೆನ್ನಿನ ಮೇಲೆ ಬರೆದು ತೋರಿಸಿದರು. "ಇದು ನಿಮಿಷ ಅಲ್ಲಮ್ಮ. ಒಂದೊಂದು ಅಂಕಿ ಮೇಲೆ ಹೋದಾಗ್ಲೂ ಹೊತ್ತು ಎರಡರಷ್ಟಾಗುತ್ತೆ. ಆರು ಅಂದ್ರೆ ಒಂದು ನಿಮಿಷದ ಮೇಲೆ ಚೂರು. ಏಳು ಅಂದ್ರೆ ಅದರ ಎರಡರಷ್ಟು, ಎಂಟು ಅಂದ್ರೆ ಅದರ ಎರಡರಷ್ಟು. ಹತ್ತಕ್ಕೆ ಬರೋಷ್ಟೊತ್ತಿಗೆ ಹದಿನೇಳು ನಿಮಿಷ. ಹದಿನೇಳಕ್ಕೆ ಬರೋಷ್ಟೊತ್ತಿಗೆ ಒಂದೂವರೆ ದಿನ."

ಹದಿನೇಳು ನಿಮಿಷ ಬೇಕೆಂದಿದ್ದರೆ ನಾನು ಹತ್ತನ್ನು ಹಾಕಬೇಕಿತ್ತು. ಹತ್ತು ಮೊದಲೇ ಅಲ್ಲಿತ್ತು.

"ಒಂದೂವರೆ ದಿನಕ್ಕೊಂದ್ಸಲ ಕೇಳುತ್ತೆ, ಕೇಳೋ ಹೊತ್ತಿಗೆ ಟವರ್ ಇರ್ಲಿಲ್ಲ ಅಂದ್ರೆ ಮತ್ತೆ ಒಂದೂವರೆ ದಿನ," ಎಂದರು ಅವರು. "ಅಷ್ಟರಲ್ಲಿ ಗೇಟಿಂದು ಎರಡು ನಿಮಿಷ ಮುಂದೆ, ಕೆರೇದು ಎರಡು ನಿಮಿಷ ಹಿಂದೆ. ಒಳಗೆ ಬಂದಿದ್ದೆಲ್ಲ ಆಚೆ ಹೋದಂಗೆ ಕಾಣುತ್ತೆ. ತೀರಾ ಜಾಸ್ತಿ ಕೇಳಿದ್ರೆ ದಾರಿಯ ತಡವನ್ನೆಲ್ಲ ಗಡಿಯಾರದ ತಪ್ಪು ಅಂದ್ಕೊಂಡು ಕುಣಿಯುತ್ತೆ. ತೀರಾ ಕಡಿಮೆ ಕೇಳಿದ್ರೆ ತನ್ನ ತಪ್ಪು ತನಗೇ ಗೊತ್ತಾಗಲ್ಲ. ಆರರಿಂದ ಹತ್ತು ಅಂತ ಬಿಟ್ಟಿದ್ರೆ, ಗಡಿಯಾರ ನಿಂತಲ್ಲಿ ನಿಂತಾಗ ಕಡಿಮೆ, ಅಲುಗಾಡಿದಾಗ ಜಾಸ್ತಿ, ಅದೇ ನೋಡ್ಕೊಂಡು ಕೇಳ್ತಿತ್ತು."

ಆರು–ಹತ್ತು ಮತ್ತೆ ಹಾಕಿ, ಟೀ ಕುಡಿದು ಹೋದರು. ಮ್ಯಾನೇಜರಿಗೆ ಏನು ಹೇಳಿದರೋ ಗೊತ್ತಿಲ್ಲ. ಬಹುಶಃ ನಾನೇ ಹೇಳಲಿ ಎಂದು ಬಿಟ್ಟಿರಬೇಕು. ನಾನು ಹೇಳಲಿಲ್ಲ. ಹಾಳೆಯನ್ನು ಮಡಚಿ ಸೆರಗಿನಲ್ಲಿ ಸಿಕ್ಕಿಸಿಕೊಂಡು ಮನೆಗೆ ಹೋಗಿ ಒಲೆಗೆ ಹಾಕಿದೆ.

ತಂಗಿ ಪ್ಲಾಸ್ಟರ್ ಹಾಕಿಕೊಂಡು ಮನೆಯಲ್ಲಿ ಕೂತಿದ್ದಳು. ನಾನು ದಿನಕ್ಕೆ ಆರು ಸಲ ಹೋಗಿ ನೋವು ಹೇಗಿದೆ, ಊಟ ಆಯಿತಾ, ಮಾತ್ರೆ ತಗೊಂಡೆಯಾ ಎಂದು ಕೇಳುತ್ತಿದ್ದೆ.

"ಎಷ್ಟ್ ಸಲ ಕೇಳ್ತೀಯೇ ಮಾರಾಯ್ತಿ? ಹೋದ್ಸಲ ಕೇಳಿದ್ದಕ್ಕೂ ಈಗಕ್ಕೂ ಮೂಳೆ ಏನು ಕೂಡ್ಕೊಂಡ್‌ಬಿಡುತ್ತಾ? ಹೋಗು, ನಿನ್ನ ಆಫೀಸ್ ನೋಡ್ಕೊ," ಎಂದು ಒಂದು ದಿನ ಬೈದಳು.

ಹೋಗುವುದನ್ನೇ ಬಿಟ್ಟೆ. ಎರಡು ಬಾಗಿಲಿನ ಆಚೆ ಇದ್ದುಕೊಂಡು ಹದಿನೈದು ದಿನ ಅವಳ ಮುಖ ನೋಡಲಿಲ್ಲ. ನಳದ ಹತ್ತಿರ ಅವಳ ಬಿಂದಿಗೆ ಕಂಡರೆ ನನ್ನದನ್ನು ಹಿಡಿದುಕೊಂಡು ವಾಪಸ್ ಬರುತ್ತಿದ್ದೆ. ಅವಳ ಕಾಲು ಸರಿಯಾಗುತ್ತಿದೆ ಎಂದು ಉಮ್ಮ ಹೇಳಿ ತಿಳಿಯಿತು. ಅವಳು ಎಸ್ಟೇಟೇ ಬಿಡುತ್ತಿದ್ದಾಳೆ ಎಂಬುದನ್ನೂ ಉಮ್ಮನೇ ಹೇಳಿದಳು.

"ತಿತಿಮತಿ ಹತ್ರ ಒಂದು ತೋಟದಲ್ಲಿ ಮೇಸ್ತ್ರಿ ಬೇಕಂತೆ. ಶನಿವಾರ ಹೋಗ್ತದೆ ನಿನ್ನ ತಂಗಿ. ನಿನಗೆ ಗೊತ್ತಿಲ್ವಾ? ಎಂತ ಅಕ್ಕ ಮಾರಾಯ್ತಿ ನೀನು!"

ಆ ಸಂಜೆ ಹೋದೆ. ತಂಗಿ ಕಟ್ಟೆಯ ಮೇಲೆ ಕಾಲು ಚಾಚಿಕೊಂಡು ಅಕ್ಕಿ ಆರಿಸುತ್ತಿದ್ದಳು. ನಿಂತುಕೊಂಡೇ ಹೇಳಿದೆ, ಕೂತರೆ ಮಾತು ಮುಗಿಯುವುದಿಲ್ಲ ಎಂದು ಗೊತ್ತಿತ್ತು. ನಾಲ್ಕು, ಹದಿನೇಳು, ಟ್ರ್ಯಾಕ್ಟರು, ಮೆಕ್ಯಾನಿಕ್, ಮ್ಯಾನೇಜರ್ ಎದುರು ಅಂದದ್ದು. ಅವಳು ಮೊರದಿಂದ ಕಣ್ಣೆತ್ತಲಿಲ್ಲ.

"ಹದಿನೇಳು ಹಾಕಿದ್ದು ಬಿಡು," ಎಂದಳು ಕೊನೆಗೆ. "ನಂಗೂ ಗೊತ್ತಾಗ್ತಿರ್ಲಿಲ್ಲ. ನಾನು ಓದಿರೋದು ನಿನಗಿಂತ್ಲೂ ಕಮ್ಮಿ. ಆದ್ರೆ ತಗಡಿನ ಸದ್ದು ನಿಂಗೆ ಕೇಳಿಸ್ತೋ ಇಲ್ವೋ?"

"ಕೇಳಿಸ್ತು."

"ಕೇಳಿಸ್ತು. ಕೇಳಿಸಿಯೂ ಹೇಳಿದ್ಯಲ್ಲ, ಅವ್ಳು ಬಡೀಲಿಲ್ಲ ಅಂತ." ಮೊರ ಕೆಳಗಿಟ್ಟಳು. "ನಾನು ಆ ಹನ್ನೊಂದು ಜನಾನ ಒಂದು ದಿನಾನೂ ತಗಡು ಬಡೀದೆ ಒಳಗೆ ಬಿಟ್ಟೋಳಲ್ಲ ಕಣೇ. ನಿಂಗೆ ಗೊತ್ತಿಲ್ವಾ ಅದು?"

ಮರುದಿನ ಮ್ಯಾನೇಜರಿಗೆ ಹೇಳಿದೆ. ಅವರು ತಲೆಯ ಮೇಲೆ ಕೈಯಿಟ್ಟುಕೊಂಡು, "ಈಗ ಹೇಳ್ತಿದ್ದೀಯಲ್ಲ! ಹೊಸ ಮೇಸ್ತ್ರಿ ಬಂದಾಯ್ತು, ಅವಳನ್ನ ಎಲ್ಲಿಗೆ ಕಳಿಸ್ಲಿ? ಈ ಸೀಸನ್ ಮುಗೀಲಿ, ನೋಡೋಣ," ಎಂದರು. ಕಂಪ್ಯೂಟರನ್ನೂ ನನ್ನಿಂದ ಬಿಡಿಸಲಿಲ್ಲ. ಬೇರೆ ಯಾರೂ ಇರಲಿಲ್ಲ, ಅಷ್ಟೇ. ಬೆಳಗಿನ ಹಾಜರಿಯ ಹೊತ್ತಿಗೆ ಹೆಂಗಸರೆದುರೂ ಹೇಳಿದೆ. ಯಾರೂ ಬೈಯಲಿಲ್ಲ. ಉಮ್ಮ ಮಾತ್ರ, "ನಾವು ಹೇಳಿದಾಗ ಯಾರಿಗೂ ಬೇಡ ಇತ್ತು," ಎಂದು ಬುಟ್ಟಿ ಎತ್ತಿಕೊಂಡು ನಡೆದಳು. ಇಷ್ಟು ದಿನ ಮನಸ್ಸಿನಲ್ಲಿ ಹೊತ್ತುಕೊಂಡಿದ್ದ ನಿಜವನ್ನು ಇಳಿಸಿದರೂ ಯಾರಿಗೂ ಅದು ಬೇಕಾಗಿರಲಿಲ್ಲ. ನನಗೆ ನನ್ನ ಮೇಲೆಯೇ ಉರಿಯಿತು.

ಸಂಜೆ ತಂಗಿಯೇ ನನ್ನ ಮನೆಗೆ ಕುಂಟುತ್ತಾ ಬಂದಳು. ತಿತಿಮತಿಯವರಿಗೂ ಸುದ್ದಿ ಮುಟ್ಟಿತ್ತು. ತಗಡು ಬಡಿಯದ ಮೇಸ್ತ್ರಿ ನಮಗೆ ಬೇಡ, ಬೇಕಾದರೆ ಹಣ್ಣು ಕೊಯ್ಯಲು ಬರಲಿ ಎಂದಿದ್ದರಂತೆ.

"ಶನಿವಾರ ನನ್ ಜೊತೆ ಬಾ. ಬಂದು ಅಲ್ಲಿ ಹೇಳು. ಇಲ್ಲಿ ಹೇಳಿದ್ರಿಂದ ನಂಗೇನೂ ಆಗ್ಲಿಲ್ಲ," ಎಂದಳು.

ಸಿದ್ದಾಪುರಕ್ಕೆ ಒಂದು ಬಸ್ಸು, ಗೋಣಿಕೊಪ್ಪಕ್ಕೆ ಒಂದು, ಅಲ್ಲಿಂದ ತಿತಿಮತಿಗೆ ಇನ್ನೊಂದು. ದಾರಿಯುದ್ದಕ್ಕೂ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅವಳ ಬಟ್ಟೆಯ ಚೀಲ ನನ್ನ ತೊಡೆಯ ಮೇಲಿತ್ತು. ಇಳಿಯುವಾಗ ಕೈ ಕೊಟ್ಟೆ, ಹಿಡಿಯಲಿಲ್ಲ, ಕಂಬಿ ಹಿಡಿದು ಇಳಿದಳು.

ಆ ತೋಟದ ಆಫೀಸಿನಲ್ಲಿ ಹಾಜರಿ ಬರೆಯುವ ರೈಟರ್ ಕೂತಿದ್ದರು, ಕನ್ನಡಕದ ಮೇಲಿನಿಂದ ನೋಡುವವರು. ಹೊರಗೆ ಬೆಂಚಿನ ಮೇಲೆ ಕೆಲಸಕ್ಕೆ ಬಂದ ಎಂಟು ಹತ್ತು ಜನ ಇದ್ದರು, ಬಾಗಿಲು ತೆರೆದೇ ಇತ್ತು. ಎಲ್ಲ ಹೇಳಿದೆ. ಡಬ್ಬಿಯ ಗಡಿಯಾರ ನಾನು ಕೆಡಿಸಿದ್ದು, ಗೊತ್ತಿದ್ದೂ ಜನರನ್ನು ಒಳಗೆ ಕಳಿಸಿದ್ದು, ಇವಳು ಬಡಿದ ತಗಡು ನನ್ನ ಕಿವಿಗೇ ಕೇಳಿಸಿದ್ದು, ಕೇಳಿಸಿಲ್ಲ ಎಂಬಂತೆ ಮ್ಯಾನೇಜರಿಗೆ ಸುಳ್ಳು ಹೇಳಿದ್ದು. ರೈಟರ್ ಎರಡು ಸಲ ಹೇಳಿಸಿದರು. ಎರಡನೇ ಸಲ ಬೆಂಚಿನ ಮೇಲಿದ್ದವರೂ ಮಾತು ನಿಲ್ಲಿಸಿ ಕೇಳಿದರು.

"ಸರಿ. ಸೋಮವಾರದಿಂದ ಬರ್ಲಿ. ಮೇಸ್ತ್ರಿಯಾಗೇ ಬರ್ಲಿ," ಎಂದು ಅವರು ತಂಗಿಯ ಹೆಸರು ಬರೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು. "ನೀವು ಯಾರು ಇವರಿಗೆ?"

ನಾನು ಬಾಯಿ ತೆರೆಯುವ ಮೊದಲೇ ತಂಗಿ ಹೇಳಿದಳು.

"ಅಲ್ಲಿ ಆಫೀಸಲ್ಲಿ ಕೆಲಸ ಮಾಡೋರು ಸಾರ್."

ನಾನು ಅವಳ ಚೀಲವನ್ನು ಬೆಂಚಿನ ಮೇಲಿಟ್ಟು ಹೊರಗೆ ಬಂದೆ.